ನೆರೆಮನೆಯ ಸೂರ್ಯ

ಕೆಲವು ವರ್ಷಗಳ ಹಿಂದಿನ ಮಾತು. ಏಳನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಗೆ ವಿಜ್ಞಾನದ ಪ್ರಶ್ನೆಪತ್ರಿಕೆಯನ್ನು ನಾವೇ ಸಿದ್ಧಪಡಿಸಿದ್ದೆವು. 'ಭೂಮಿಗೆ ಅತ್ಯಂತ ಸಮೀಪದ ನಕ್ಷತ್ರ ಯಾವುದು?' ಎಂಬುದು ಅದರ ಐದನೆಯ ಪ್ರಶ್ನೆ. ಬಾಗಲಕೋಟೆಯ ಕಡೆಯಿಂದ ಗಾರೆ ಕೆಲಸಕ್ಕೆಂದು ಗೋವೆಗೆ ಬಂದಿದ್ದ ಕುಟುಂಬವೊಂದರ ಹುಡುಗ 'ಸೂರ್ಯ' ಎಂದು ಬರೆದಿದ್ದ. ನಾವು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ 'ಆಲ್ಫಾ ಸೆಂಟಾರಿ' ಎಂದು ತಿದ್ದಿ, ಸೊನ್ನೆಯನ್ನು ಕೊಟ್ಟೆವು. ಉತ್ತರಪತ್ರಿಕೆ ಕೈಸೇರಿದ ಮೇಲೆ ಹುಡುಗ ಮೇಜಿನ ಬಳಿ ಬಂದು, "ಸರ್, ಸೂರ್ಯ ನಕ್ಷತ್ರ ಅಲ್ಲೇನ್ರಿ?" ಎಂದು ಕೇಳಿದ. "ಸೂರ್ಯನ ಮಾತು ಬೇರೆ, ಹೋಗಿ ಕೂತುಕೋ" ಎಂದೆವು. ಹೋಗಿ ಕೂತ. ದೀಪಾವಳಿಯ ರಜೆ ಕಳೆದು ಶಾಲೆ ತೆರೆದಾಗ ಅವನು ಬರಲಿಲ್ಲ. ತಂದೆಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತ್ತಂತೆ.

ನಮ್ಮ ತಿದ್ದುಪಡಿಯಲ್ಲಿ ಒಂದಲ್ಲ, ಎರಡು ತಪ್ಪುಗಳಿದ್ದವು. ಸೂರ್ಯನೂ ನಕ್ಷತ್ರವೇ, 'ಸೂರ್ಯನನ್ನು ಬಿಟ್ಟರೆ' ಎಂಬ ಎರಡು ಪದಗಳನ್ನು ಪ್ರಶ್ನೆಯಲ್ಲಿ ಸೇರಿಸದೆ ಹೋದವರು ನಾವು. ಎರಡನೆಯ ತಪ್ಪನ್ನು ಮುಂದೆ ಹೇಳುತ್ತೇವೆ. ಅದಕ್ಕೆ ಮೊದಲು ನಾವು ಹುಡುಗನ ಉತ್ತರವನ್ನು ಹೊಡೆದು ಬರೆದ ಆ ನಕ್ಷತ್ರವನ್ನೇ ವಾಚಕರು ಒಮ್ಮೆ ನೋಡಬೇಕು.

ನೋಡುವುದು ಗೋವೆಯಿಂದ ಸಾಧ್ಯ. ದಿಲ್ಲಿಯವರಿಗೆ ಈ ಭಾಗ್ಯ ಇಲ್ಲವೆಂದೇ ಹೇಳಬೇಕು. ಅಲ್ಲಿ ಅದು ದಿಗಂತದ ಧೂಳಿನಲ್ಲೇ ಮುಳುಗಿರುತ್ತದೆ. ಇಲ್ಲಿ ದಕ್ಷಿಣ ದಿಗಂತದಿಂದ ಹದಿಮೂರು ಹದಿನಾಲ್ಕು ಅಂಶಗಳಷ್ಟು ಮೇಲೇರುತ್ತದೆ, ಅಂದರೆ ಕೈ ಚಾಚಿ ಹಿಡಿದ ಒಂದು ಮುಷ್ಟಿಗಿಂತ ತುಸು ಹೆಚ್ಚು. ಜೂನ್ ಮೊದಲ ವಾರದಲ್ಲಿ ರಾತ್ರಿ ಹತ್ತರ ಸುಮಾರಿಗೆ ಅದು ನೆತ್ತರದಲ್ಲಿರುತ್ತದೆಯಾದರೂ ಆ ಹೊತ್ತಿಗೆ ನಮ್ಮ ಮಳೆಗಾಲ ಬಾಗಿಲಲ್ಲಿ ನಿಂತಿರುತ್ತದೆ. ಆದುದರಿಂದ ಫೆಬ್ರವರಿಯ ಮಧ್ಯಭಾಗವೇ ಲೇಸು. ಪರೀಕ್ಷೆಯ ಓದಿಗೆಂದು ಮಕ್ಕಳು ಏಳುವ ಬೆಳಗಿನ ಐದೂಕಾಲರ ಹೊತ್ತಿಗೆ, ತೆಂಗಿನ ತೋಪು ಅಡ್ಡವಿಲ್ಲದ ಬಯಲಿನಲ್ಲೋ ಕೋಲ್ವಾದಂಥ ಉದ್ದನೆಯ ಕಡಲದಂಡೆಯಲ್ಲೋ ದಕ್ಷಿಣಾಭಿಮುಖವಾಗಿ ನಿಲ್ಲಬೇಕು. ಬಲಗಡೆಗೆ ವಾಲಿದ ತ್ರಿಶಂಕು ಕಾಣುತ್ತದೆ. ಅದರ ಎಡಕ್ಕೆ ಎರಡು ಉಜ್ಜ್ವಲ ತಾರೆಗಳು. ತ್ರಿಶಂಕುವಿಗೆ ಸಮೀಪದ್ದು ನೀಲಿಬಿಳುಪಿನ ಬೀಟಾ; ಎಡಗಡೆಯ ತುದಿಯಲ್ಲಿ ಹಳದಿ ಛಾಯೆಯಿಂದ ಹೊಳೆಯುವುದೇ ಆಲ್ಫಾ ಸೆಂಟಾರಿ. ರಾತ್ರಿಯ ಆಕಾಶದಲ್ಲಿ ಲುಬ್ಧಕ, ಅಗಸ್ತ್ಯಗಳ ತರುವಾಯ ಅತ್ಯಂತ ಪ್ರಕಾಶಮಾನವಾದ ನಕ್ಷತ್ರವಿದು. ಅಕ್ಕಪಕ್ಕದ ಮನೆಗಳಂತೆ ತೋರುವ ಈ ಎರಡರಲ್ಲಿ ಬೀಟಾ ಸುಮಾರು 390 ಜ್ಯೋತಿರ್ವರ್ಷ ದೂರದ್ದು. ಆಲ್ಫಾ ಬರಿಯ 4.37.

ಬರಿಯ ಎಂದೆವು. ಬೆಳಕು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಧಾವಿಸುತ್ತದೆ. ಸೂರ್ಯನಿಂದ ಇಲ್ಲಿಗೆ ಬರಲು ಅದಕ್ಕೆ ಎಂಟೂಕಾಲು ನಿಮಿಷಗಳು ಸಾಕು. ಆದರೆ ಹುಡುಗನು ಜೂನ್ ತಿಂಗಳಲ್ಲಿ ಮೂರನೆಯ ತರಗತಿಗೆ ಕಾಲಿಟ್ಟ ದಿನ ಆಲ್ಫಾದಿಂದ ಹೊರಟ ಬೆಳಕು, ಅವನು ಏಳನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಗೆ ಕುಳಿತಾಗಲಷ್ಟೇ ನಮ್ಮನ್ನು ತಲುಪುತ್ತದೆ. ಸೂರ್ಯನನ್ನು ಒಂದು ಕಿತ್ತಳೆ ಹಣ್ಣಿನಷ್ಟಕ್ಕೆ ಕುಗ್ಗಿಸಿ ಪಣಜಿಯಲ್ಲಿ ಇಟ್ಟರೆ, ಭೂಮಿ ಇಪ್ಪತ್ತೈದು ಅಡಿ ದೂರದಲ್ಲಿ ರಾಗಿಕಾಳಿಗಿಂತಲೂ ಸಣ್ಣದೊಂದು ಕಣವಾಗುತ್ತದೆ. ಆಲ್ಫಾ ಸೆಂಟಾರಿಯನ್ನು ಇಡಲು ಶ್ರೀನಗರಕ್ಕೆ ಹೋಗಬೇಕು.

ಬರಿಗಣ್ಣಿಗೆ ಒಂದಾಗಿ ಕಾಣುವ ಈ ತಾರೆ ಎರಡೆಂದು ಮೊದಲು ತಿಳಿದದ್ದು ನಮ್ಮ ದೇಶದಲ್ಲಿಯೇ. 1689ರ ಡಿಸೆಂಬರಿನಲ್ಲಿ ಫ್ರೆಂಚ್ ಜೆಸುಯಿಟ್ ಪಾದ್ರಿ ಜಾನ್ ರಿಶೋ ಎಂಬವರು ಪಾಂಡಿಚೇರಿಯಲ್ಲಿ ಧೂಮಕೇತುವೊಂದನ್ನು ದೂರದರ್ಶಕದಿಂದ ವೀಕ್ಷಿಸುತ್ತಿದ್ದರು. ಸನಿಹದ ಈ ನಕ್ಷತ್ರದತ್ತ ಅವರ ದೃಷ್ಟಿ ಹರಿಯಿತು, ಒಂದಲ್ಲ, ಜೋಡಿ! ಧೂಮಕೇತುವನ್ನು ಇಂದು ನೆನೆಯುವವರು ವಿರಳ. ರಿಶೋ ಅವರ ಹೆಸರು ಈ ಜೋಡಿಯಿಂದ ಉಳಿದಿದೆ.

ಜೋಡಿಯ ಹಿರಿಯ ಸದಸ್ಯನಿಗೆ ಎ, ಕಿರಿಯನಿಗೆ ಬಿ ಎಂದು ಹೆಸರು. ಎ ನಮ್ಮ ಸೂರ್ಯನ ಅಣ್ಣನೆನ್ನಬಹುದು. ಮೇಲ್ಮೈ ಉಷ್ಣತೆ ಸೂರ್ಯನದಷ್ಟೇ, ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಬಣ್ಣವೂ ಅದೇ, ಬೆಳಕನ್ನು ಒಡೆದು ನೋಡಿದಾಗ ದೊರೆಯುವ ರೋಹಿತದ ವರ್ಗವೂ ಅದೇ. ವ್ಯಾಸ ಮಾತ್ರ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು, ಅಂದರೆ ಸೂರ್ಯನದು ಹದಿನಾಲ್ಕು ಲಕ್ಷ ಕಿಲೋಮೀಟರಾದರೆ ಇದರದು ಹದಿನೇಳು ಲಕ್ಷ. ಮೇಲ್ಮೈ ವಿಶಾಲವಾದುದರಿಂದ ಬೆಳಕು ಒಂದೂವರೆ ಪಟ್ಟು. ಕಬ್ಬಿಣದಂಥ ಭಾರದ ಧಾತುಗಳೂ ಇದರಲ್ಲಿ ಅಧಿಕ. ಬಿ ತುಸು ತಣ್ಣನೆಯದು, ಸುಮಾರು 5,000 ಡಿಗ್ರಿ. ಕಿತ್ತಳೆ ವರ್ಣ, ಬೆಳಕು ಸೂರ್ಯನದರ ಅರ್ಧದಷ್ಟು.

ಇಷ್ಟು ದೂರದ ವಸ್ತುವನ್ನು ತೂಗಿದ ತಕ್ಕಡಿ ಯಾವುದೆಂದು ಮಕ್ಕಳು ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ. ನಕ್ಷತ್ರ ಒಂಟಿಯಾಗಿದ್ದರೆ ನೇರವಾಗಿ ತೂಗುವ ಉಪಾಯವೇ ಇರುತ್ತಿರಲಿಲ್ಲ. ಜೊತೆಗಾರನಿರುವುದರಿಂದಲೇ ತೂಕ ಹೊರಬಿತ್ತು. ಎರಡೂ ಪರಸ್ಪರ ಸೆಳೆತಕ್ಕೆ ಸಿಕ್ಕು ಸುತ್ತುತ್ತಿವೆ. ಎಷ್ಟು ದೂರದಲ್ಲಿ, ಎಷ್ಟು ಕಾಲದಲ್ಲಿ ಸುತ್ತುತ್ತವೆ ಎಂಬುದನ್ನು ಅಳೆದರೆ ಸೆಳೆತದ ಬಲವೂ, ಅದರಿಂದ ದ್ರವ್ಯರಾಶಿಯೂ ಗಣಿತಕ್ಕೆ ದಕ್ಕುತ್ತವೆ. ಸೂರ್ಯನದನ್ನು ಒಂದು ಎಂದು ಹಿಡಿದರೆ ಎ ಸುಮಾರು 1.08, ಬಿ 0.91. ಒಂದು ಸುತ್ತಿಗೆ ಎಂಬತ್ತು ವರ್ಷಗಳಿಗೆ ಕೆಲವು ತಿಂಗಳುಗಳಷ್ಟೇ ಕಡಿಮೆ. ನಮ್ಮ ಹಿರಿಯರ ಸಹಸ್ರಚಂದ್ರ ದರ್ಶನಕ್ಕೆ ಹಿಡಿಯುವಷ್ಟೇ ಕಾಲವೆನ್ನಿ. ಪಥ ದೀರ್ಘವೃತ್ತವಾದುದರಿಂದ ಅವು ಒಮ್ಮೆ ಸೂರ್ಯ-ಭೂಮಿಗಳ ಅಂತರದ ಹನ್ನೊಂದು ಪಟ್ಟಿನಷ್ಟು ಹತ್ತಿರ ಬಂದು, ಮತ್ತೆ ಸುಮಾರು ಮೂವತ್ತಾರು ಪಟ್ಟಿನಷ್ಟು ದೂರ ಸರಿಯುತ್ತವೆ. ಹಿಂದೆ ಹತ್ತಿರ ಬಂದದ್ದು 1955ರಲ್ಲಿ. ಆಗ ಗೋವೆ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು. ಮುಂದಿನದು 2035ರಲ್ಲಿ.

ದೂರವನ್ನು ಅಳೆದ ಥಾಮಸ್ ಹೆಂಡರ್ಸನ್ ಅವರ ಕಥೆ ನಮಗೆ ಬಹಳ ಹಿಡಿಸಿತು. ದಕ್ಷಿಣ ಆಫ್ರಿಕದ ಕೇಪ್‌ನಲ್ಲಿ 1832-33ರಲ್ಲಿಯೇ ಅವರು ಬೇಕಾದ ಅಳತೆಗಳನ್ನು ತೆಗೆದುಕೊಂಡಿದ್ದರು. ಪ್ರಕಟಿಸಿದ್ದು 1839ರಲ್ಲಿ. ಅಷ್ಟರಲ್ಲಿ ಜರ್ಮನಿಯ ಬೆಸೆಲ್ 1838ರಲ್ಲಿ ಬೇರೊಂದು ನಕ್ಷತ್ರದ ದೂರವನ್ನು ಸಾರಿ ಪ್ರಥಮರೆನಿಸಿದರು. ತಡಮಾಡಿದವರ ಪಟ್ಟಿಯಲ್ಲಿ ನಾವೂ ಇರುವುದರಿಂದ ಹೆಂಡರ್ಸನ್ ಅವರನ್ನು ಹಳಿಯಲಾರೆವು.

ಈಗ ಎರಡನೆಯ ತಪ್ಪು. ಈ ಜೋಡಿಗೆ ಮೂರನೆಯ ಸಂಗಾತಿಯೊಂದು ಉಂಟು. 1915ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ರಾಬರ್ಟ್ ಇನ್ನೆಸ್ ಕಂಡುಹಿಡಿದ ಈ ಕೆಂಪು ಕುಬ್ಜ ತಾರೆಯ ಹೆಸರು ಪ್ರಾಕ್ಸಿಮಾ. ದ್ರವ್ಯರಾಶಿ ಸೂರ್ಯನದರ ಎಂಟನೆಯ ಒಂದು ಪಾಲು. ಬರಿಗಣ್ಣಿಗೆ ಎಂದೂ ಕಾಣದು. ಜೋಡಿಯನ್ನು ಒಂದು ಸಲ ಸುತ್ತಲು ಐದು ಲಕ್ಷಕ್ಕೂ ಮಿಕ್ಕ ವರ್ಷಗಳು ಬೇಕು. ಆದರೆ ಅದರ ದೂರ 4.25 ಜ್ಯೋತಿರ್ವರ್ಷ. ಸೂರ್ಯನನ್ನು ಬಿಟ್ಟರೂ ಸಮೀಪದ ಪಟ್ಟ ಪ್ರಾಕ್ಸಿಮಾದ್ದೇ ಹೊರತು, ನಾವು ಕೆಂಪು ಶಾಯಿಯಲ್ಲಿ ಬರೆದದ್ದಕ್ಕೆ ಅಲ್ಲ. ಪ್ರಾಕ್ಸಿಮಾವನ್ನು ಸುತ್ತುವ ಗ್ರಹವೊಂದು 2016ರಲ್ಲಿ ಪತ್ತೆಯಾಯಿತು. ಎ ನಕ್ಷತ್ರದ ಬಳಿ ಜೇಮ್ಸ್ ವೆಬ್ ದೂರದರ್ಶಕವು 2024ರ ಆಗಸ್ಟಿನಲ್ಲಿ ಮಸುಕಾದ ಚುಕ್ಕೆಯೊಂದನ್ನು ಸೆರೆಹಿಡಿಯಿತು. 2025ರಲ್ಲಿ ಮರಳಿ ನೋಡಿದಾಗ ಅದು ಕಾಣಸಿಗಲಿಲ್ಲ. ಗ್ರಹವಿರಬಹುದು ಎಂದಷ್ಟೇ ವಿಜ್ಞಾನಿಗಳು ಹೇಳಿದ್ದಾರೆ.

ಶಿಕ್ಷಕ ತರಬೇತಿಯಲ್ಲಿ, ಮಗು ಕೊಟ್ಟ ಉತ್ತರಕ್ಕೆ ಕಾರಣ ಕೇಳದೆ ಅಂಕ ಕಳೆಯಬಾರದೆಂದು ನಮಗೆ ಕಲಿಸಿದ್ದರು. ಅದನ್ನು ನಾವು ಪರೀಕ್ಷೆಯಲ್ಲಿ ಬರೆದು ಪಾಸಾಗಿಯೂ ಇದ್ದೆವು. ಆ ಹುಡುಗ ಈಗ ಯಾವ ಊರಿನಲ್ಲಿದ್ದಾನೋ ಗೊತ್ತಿಲ್ಲ. ಈ ಪತ್ರಿಕೆ ಕೆಲಸಗಾರರ ಬಿಡಾರಗಳಿಗೂ ಹೋಗುತ್ತದೆ, ಕೈಯಿಂದ ಕೈಗೆ ದಾಟುತ್ತದೆ. ಅವನ ಮನೆಯವರ ಕಣ್ಣಿಗೆ ಬಿದ್ದರೆ, ಏಳನೆಯ ತರಗತಿಯ ಆ ವಿಜ್ಞಾನ ಪತ್ರಿಕೆಯಲ್ಲಿ ಐದನೆಯ ಪ್ರಶ್ನೆಗೆ ಒಂದು ಅಂಕವನ್ನು ಸೇರಿಸಿಕೊಳ್ಳಬೇಕಾಗಿ ಕೋರುತ್ತೇವೆ.