ಸ್ನೇಹದ ಸ್ಪರ್ಧೆಯಲ್ಲಿ ಕಾಣೆಯಾದ ಓದು

ನಮ್ಮ ಸ್ನೇಹಪೂರ್ವಕ ಸಣ್ಣಕಥಾ ಸ್ಪರ್ಧೆಗಳಲ್ಲಿ ಸ್ನೇಹವೇನೋ ಸಮೃದ್ಧವಾಗಿದೆ. ಓದು ಮಾತ್ರ ಕಾಣೆಯಾಗಿದೆ. ಬರೆದವರಿಗೆಲ್ಲ ಪ್ರಮಾಣಪತ್ರ, ಮೂವರಿಗೆ ಸ್ಮರಣಿಕೆ, ಕೊನೆಗೊಂದು ಗುಂಪುಚಿತ್ರ. ಕಥೆ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂದು ಯಾರೂ ಹೇಳುವುದಿಲ್ಲ. ಹೇಳಿದರೆ ಮನಸ್ಸು ನೋಯುತ್ತದೆ, ಮುಂದೆ ಬರೆಯುವುದನ್ನೇ ಬಿಟ್ಟಾರು ಎಂಬುದು ಸಂಘಟಕರ ವಾದ.

ಈ ವಾದ ನಿಲ್ಲುವಂಥದ್ದಲ್ಲ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯಲ್ಲಿ ನುರಿತ ಸಾಹಿತಿಗಳು ತೀರ್ಪು ನೀಡುತ್ತಾರೆ. ಬಹುಮಾನ ಬಾರದವರೂ ಮತ್ತೆ ಮತ್ತೆ ಬರೆಯುತ್ತಾರೆ.

ವಿಮರ್ಶೆಯಿಲ್ಲದ ಹೊಗಳಿಕೆಯ ಫಲ ಕಣ್ಣೆದುರಿಗೇ ಇದೆ. ಅಲ್ ಐನ್‌ನಲ್ಲಿ ಕುಳಿತು ಬರೆದ ಕಥೆಗಳೂ ಊರಿನ ಮಳೆಯಲ್ಲೇ ನೆನೆಯುತ್ತವೆ. 2011ರಲ್ಲಿ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಇಲ್ಲಿನ ಓಯಸಿಸ್‌ಗಳು, ಅವಕ್ಕೆ ನೀರುಣಿಸುವ ಫಲಜ್ ಕಾಲುವೆಗಳು, ಖರ್ಜೂರದ ತೋಟಗಳಲ್ಲಿ ಬೆವರು ಸುರಿಸುವವರು ಆ ಕಥೆಗಳೊಳಗೆ ಕಾಲಿಡುವುದೇ ಇಲ್ಲ. ಊರಿನ ನೆನಪು ತಪ್ಪಲ್ಲ. ಆದರೆ ‘ನಿಮ್ಮ ಇಂದಿನ ಬದುಕೆಲ್ಲಿ?’ ಎಂದು ಕೇಳುವ ತೀರ್ಪುಗಾರರು ನಮಗೆ ಬೇಕು.

ಆದ್ದರಿಂದ ಮುಂದಿನ ಸ್ಪರ್ಧೆಯಲ್ಲಿ ಲೇಖಕರ ಹೆಸರನ್ನು ಮರೆಮಾಡಿಯೇ ಕಥೆಗಳನ್ನು ಓದಿಸಲಿ. ಪ್ರತಿಯೊಂದು ಕಥೆಗೂ ಅರ್ಧ ಪುಟದ ಲಿಖಿತ ಅಭಿಪ್ರಾಯ ದೊರೆಯಲಿ. ಅದಕ್ಕಾಗಿ ಸ್ಮರಣಿಕೆಗಳನ್ನು ಕೈಬಿಡಬೇಕಾದರೆ ಕೈಬಿಡೋಣ. ಹೊರನಾಡಿನಲ್ಲಿ ಕನ್ನಡದ ಕಥೆ ಬೆಳೆಯಬೇಕಾದರೆ ಅದನ್ನು ಮೊದಲು ಯಾರಾದರೂ ಮನಸ್ಸಿಟ್ಟು ಓದಬೇಕು.