ಕ್ಯಾನ್ಸರ್ ವಾಸಿಯಾದ ಮೇಲೆ...

ಮೊನ್ನೆ ಊರಿಗೆ ಫೋನ್ ಮಾಡಿದಾಗ ಚಿಕ್ಕಮ್ಮ ಸಿಕ್ಕಿದ್ದರು. ಸ್ತನ ಕ್ಯಾನ್ಸರಿನ ಆಪರೇಷನ್ ಆಗಿ ಎರಡು ವರ್ಷ. "ಹೇಗಿದೀರಿ?" ಅಂದೆ. "ಕೈ ಊದಿದೆ ಕಣೋ, ನೀರು ಸೇದಿದ್ದಕ್ಕಿರಬೇಕು. ಮಾತ್ರೆ ಬಿಟ್ಟುಬಿಟ್ಟೆ, ವಾಸಿಯಾಯ್ತಲ್ಲ!" ಅಂದರು. ನನ್ನ ಎದೆ ಧಸಕ್ಕೆಂದಿತು.

ಅವರು ಬಿಟ್ಟದ್ದು ಟಾಮಾಕ್ಸಿಫೆನ್. ರೋಗ ಮರುಕಳಿಸದಿರಲೆಂದು ಸಾಮಾನ್ಯವಾಗಿ 5 ವರ್ಷವಾದರೂ ನುಂಗಬೇಕಾದ ಮಾತ್ರೆ. ಇನ್ನು, ಕಂಕುಳಿನ ದುಗ್ಧ ಗ್ರಂಥಿ ತೆಗೆಸಿಕೊಂಡವರಿಗೆ ವರ್ಷಗಳ ನಂತರವೂ ಕೈ ಊದಬಹುದು. ಬೇಗ ತೋರಿಸಿದರೆ ಹತೋಟಿಗೆ ತರಬಹುದು. ಆಸ್ಪತ್ರೆಯವರು ಕೊಟ್ಟ ದಪ್ಪ ಫೈಲಿನಲ್ಲಿ ಮಾತ್ರೆಯ ವಿವರವೇನೋ ಇದೆ, ಆದರೆ ಇಂಗ್ಲಿಷಿನಲ್ಲಿ. ಚಿಕ್ಕಮ್ಮ ಓದೋದು ಕನ್ನಡ!

ನಾನಿರುವ ಅಮೆರಿಕದಲ್ಲೂ ಎಲ್ಲ ಸರಿಯಿತ್ತು ಅಂತಲ್ಲ. ಚಿಕಿತ್ಸೆ ಮುಗಿದವರಿಗೆ ಏನೇನು ಮಾಡಿದೆವು, ಮುಂದೇನು ಅಂತ ಬರೆದುಕೊಡಿ ಎಂದು ಇಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ವರದಿ ಹೇಳಿದ್ದೇ 2005ರಲ್ಲಿ.

ನಮ್ಮಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ದೊಡ್ಡಾಸ್ಪತ್ರೆಗೆ ಹೋಗಲು ರಾತ್ರಿಯಿಡೀ ಬಸ್ಸು, ಒಂದು ದಿನದ ಕೂಲಿ ಖೋತಾ. ಅಂಥವರು ತಮ್ಮ ಆರೋಗ್ಯವನ್ನು ಬಹುಪಾಲು ಮನೆಯಲ್ಲೇ ನೋಡಿಕೊಳ್ಳಬೇಕು. ಕನ್ನಡದಲ್ಲಿ ಒಂದೇ ಒಂದು ಹಾಳೆ ಸಾಕು: ಯಾವ ಮಾತ್ರೆ, ಎಲ್ಲಿವರೆಗೆ, ಯಾವ ವ್ಯಾಯಾಮ, ಏನು ಕಂಡರೆ ತಕ್ಷಣ ಬರಬೇಕು. ಬರೀ ಹಾಳೆ ಕೊಟ್ಟರೆ ಸಾಲದು, ನಿಜ. ಓದಿ ಹೇಳಲು ಊರಿನ ಆಶಾ ಕಾರ್ಯಕರ್ತೆಗೂ ತರಬೇತಿ, ಅದಕ್ಕೆ ತಕ್ಕ ಸಂಬಳ ಕೊಡಲಿ.

ನಾಳೆ ತಮ್ಮ ಚಿಕ್ಕಮ್ಮನನ್ನು ಡಾಕ್ಟರ ಹತ್ತಿರ ಕರೆದೊಯ್ಯುತ್ತಾನೆ. ಫೋನ್ ಮಾಡದೇ ಇದ್ದಿದ್ದರೆ?

ಜೀವ ಉಳಿಸಿದ ಮೇಲೆ, ಅದನ್ನು ನೋಡಿಕೊಳ್ಳೋದು ಹೇಗೆ ಅಂತಲೂ ಹೇಳಿಕೊಡಬೇಕಲ್ವೆ? ಏನಂತೀರಿ?