ಬೆರೆಸಬೇಕಾದದ್ದು ಯಾವುದನ್ನು?

ಹೋದ ವರ್ಷ ಒಂದು ತರಬೇತಿಗೆ ಹೋಗಿದ್ದೆ. ಶಿಕ್ಷಕರ ಬಾಳಿನಲ್ಲಿ ಬೇರೆ ಯಾವುದಕ್ಕೆ ಬರವಿದ್ದರೂ ತರಬೇತಿಗೆ ಬರವಿಲ್ಲ. ಅಂದಿನ ವಿಷಯ ‘ಮಿಶ್ರ ಕಲಿಕೆ’. ಪರದೆಯ ಮೇಲೆ ಒಂದು ಚಿತ್ರ. ಒಂದು ಕಡೆ ತರಗತಿ, ಇನ್ನೊಂದು ಕಡೆ ಮೊಬೈಲು, ನಡುವೆ ಎರಡು ಬಾಣಗಳು. ಅರ್ಧ ಪಾಠ ಶಾಲೆಯಲ್ಲಿ, ಅರ್ಧ ಪಾಠ ಮನೆಯಲ್ಲಿ ವಿಡಿಯೋ ನೋಡಿ. ಎರಡೂ ಬೆರೆತರೆ ಮಕ್ಕಳು ತಾವಾಗಿಯೇ ಕಲಿಕೆಯಲ್ಲಿ ತೊಡಗುತ್ತಾರೆ ಎಂದು ವಿವರಿಸಿದರು. ಊಟದ ಬಿಡುವಿನಲ್ಲಿ ಪಕ್ಕದ ಶಿಕ್ಷಕಿ, “ಹಾಲಿಗೆ ನೀರು ಬೆರೆಸೂದು ಗೊತ್ತಿತ್ರೀ, ಇದೇನ್ ಬೆರೆಸೂದೋ ತಿಳೀವಲ್ದು” ಎಂದರು. ಎಲ್ಲರೂ ನಕ್ಕೆವು. ನಾನೂ ನಕ್ಕೆ. ಆದರೆ ಅಂದು ಇಡೀ ದಿನ ಆ ಎರಡು ಬಾಣಗಳ ನಡುವೆ ನನಗೆ ಒಬ್ಬ ಹುಡುಗಿಯ ಮುಖವೇ ಕಾಣುತ್ತಿತ್ತು.

ಅವಳ ಕಥೆ ಹೇಳಿಬಿಡುತ್ತೇನೆ. ಅದರಲ್ಲಿ ತಪ್ಪು ನನ್ನದೇ ಇದೆ.

ನಿಪ್ಪಾಣಿ ಭಾಗದ ಒಂದು ಹಳ್ಳಿಯ ಶಾಲೆ. 2020ರ ಮಾರ್ಚಿನಲ್ಲಿ ಕೊರೋನಾ ಬಂದು ಶಾಲೆಯ ಬಾಗಿಲು ಮುಚ್ಚಿತು. ಜುಲೈನಲ್ಲಿ ದೂರದರ್ಶನದ ಚಂದನದಲ್ಲಿ ‘ಸಂವೇದ’ ಪಾಠಗಳು ಬಂದವು. ಆಗಸ್ಟಿನಲ್ಲಿ ‘ವಿದ್ಯಾಗಮ’ ಬಂತು. ಮಕ್ಕಳಿಗೆ ಫೋನ್ ಇದೆಯೋ ಇಲ್ಲವೋ ನೋಡಿ ಗುಂಪು ಮಾಡಿದೆವು. ಫೋನ್ ಇಲ್ಲದವರಿಗೆ ಗುಡಿಯ ಕಟ್ಟೆ, ಮರದ ನೆರಳು, ಎಲ್ಲಿ ಜಾಗವಿತ್ತೋ ಅಲ್ಲಿ ಪಾಠ. ಇದ್ದವರಿಗೆ ವಾಟ್ಸಾಪ್. ಶಿಕ್ಷಕರಿಗೂ ಸೋಂಕು ಹಬ್ಬಿ ಅಕ್ಟೋಬರಿನಲ್ಲಿ ವಿದ್ಯಾಗಮ ನಿಂತಿತು. ಆಮೇಲೆ ಉಳಿದದ್ದು ವಾಟ್ಸಾಪ್ ಒಂದೇ.

ಈ ಹುಡುಗಿ ಎಂಟನೆಯ ತರಗತಿ. ಏಳನೆಯದರಲ್ಲಿ ನನ್ನ ಕೈಯಲ್ಲೇ ಕಲಿತವಳು. ಪ್ರಶ್ನೆ ಮುಗಿಯುವ ಮುಂಚೆ ಉತ್ತರ ಹೇಳಿ ಬೈಸಿಕೊಳ್ಳುವ ಜಾತಿ. ‘ಫೋನ್ ಇರುವವರು’ ಎಂಬ ಯಾದಿಯಲ್ಲಿ ಅವಳ ಹೆಸರಿತ್ತು. ಯಾದಿ ಮಾಡಿದವಳು ನಾನೇ. ದಿನಾ ಬೆಳಿಗ್ಗೆ ಪಾಠ ಕಳಿಸುತ್ತಿದ್ದೆ. ಅವಳ ನಂಬರಿನಲ್ಲಿ ಎರಡು ಗೀಟು ಬೀಳುತ್ತಿದ್ದವು, ಸಂಜೆಗೆ ನೀಲಿಯಾಗುತ್ತಿದ್ದವು. ನಾನು ದಾಖಲೆಯಲ್ಲಿ ‘ಭಾಗವಹಿಸಿದ್ದಾಳೆ’ ಎಂದು ಬರೆಯುತ್ತಿದ್ದೆ. ಹೀಗೆ ಸುಮಾರು ಐದು ತಿಂಗಳು!

2021ರ ಜನವರಿಯಲ್ಲಿ ಮಕ್ಕಳು ಶಾಲೆಯ ಅಂಗಳಕ್ಕೆ ಮರಳಿದರು. ಅವಳು ಬರಲಿಲ್ಲ. ಮನೆಗೆ ಹೋದೆ. ತಾಯಿ ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ತಲೆ ಎತ್ತದೆ ಹೇಳಿದಳು: “ಸಾಲಿ ಬಂದ್ ಆತಲ್ರೀ ಟೀಚರ್. ಎಷ್ಟ್ ದಿನಾ ಅಂತ ಮನ್ಯಾಗ ಇಟ್ಕೊಳ್ಳೂದು? ದೀಪಾವಳಿ ಆದಮ್ಯಾಗ ಮದುವಿ ಮಾಡಿಬಿಟ್ವಿ. ಗಡಿ ಆಚೆ ಕೊಟ್ಟೀವಿ.” “ಹಂಗಾದ್ರ ನಾ ಕಳಿಸಿದ ಪಾಠ?” ಎಂದೆ. “ಫೋನ್ ಅವರ ಅಣ್ಣಂದ್ರೀ. ಅಂವನ ಕಿಸೇದಾಗ ಇರ್ತೈತಿ.”

ಹದಿನಾಲ್ಕು ವರ್ಷದ ಹುಡುಗಿ. ಕಾನೂನು ಹೇಳುವುದು ಹದಿನೆಂಟು. ಮುಖ್ಯಗುರುಗಳಿಗೆ ತಿಳಿಸಿದೆ, ಅವರು ಮುಂದೆ ತಿಳಿಸಿದರು. ಅವಳು ಶಾಲೆಗೆ ಮಾತ್ರ ಮರಳಲಿಲ್ಲ. ಶಾಲೆ ನಡೆಯುತ್ತಿದ್ದ ಕಾಲದಲ್ಲಿ ಅವಳು ಎರಡು ದಿನ ಬಾರದಿದ್ದರೆ ಮೂರನೆಯ ದಿನ ಅವಳ ಓಣಿಯ ಹುಡುಗರನ್ನು ನಿಲ್ಲಿಸಿ ಕೇಳುತ್ತಿದ್ದೆ. ಸಂಬಂಧ ನೋಡಲು ಬಂದ ಸುದ್ದಿ ಗೆಳತಿಯರ ಬಾಯಿಂದ ಬಂದು ಮುಟ್ಟುತ್ತಿತ್ತು. 1098ಕ್ಕೆ ಒಂದು ಕರೆ ಮಾಡಲು ಸಮಯ ಸಿಗುತ್ತಿತ್ತು. ಫೋನು ನನಗೆ ಐದು ತಿಂಗಳು ‘ಹಾಜರ್’ ಎಂದಿತು. ನಾನು ನಂಬಿದೆ.

ಆದ್ದರಿಂದಲೇ ಈಗ ಯಾರಾದರೂ ಮಿಶ್ರ ಕಲಿಕೆಯ ಗುಣಗಾನ ಶುರುಮಾಡಿದರೆ ನಾನು ಕೇಳುವ ಮೊದಲ ಪ್ರಶ್ನೆ: ಫೋನು ಯಾರ ಕೈಯಲ್ಲಿದೆ?

“ಈಗ ಎಲ್ಲರ ಮನೆಯಲ್ಲೂ ಇದೆಯಲ್ಲ” ಎನ್ನುತ್ತಾರೆ. ಮನೆಯಲ್ಲಿದೆ, ನಿಜ. ದೇಶದ ಹಳ್ಳಿಗಳ ಮಕ್ಕಳ ಕಲಿಕೆಯನ್ನು ಸಮೀಕ್ಷೆ ಮಾಡುವ ‘ಅಸರ್’ ವರದಿಯ ಪ್ರಕಾರ, ಶಾಲೆಗೆ ಹೋಗುವ ಮಕ್ಕಳ ಮನೆಗಳಲ್ಲಿ ಸ್ಮಾರ್ಟ್‌ಫೋನು 2018ರಲ್ಲಿ ನೂರಕ್ಕೆ 36.5 ಇದ್ದದ್ದು 2020ರಲ್ಲಿ 61.8ಕ್ಕೆ ಏರಿತ್ತು. ಆದರೆ ಅದೇ ಸಂಸ್ಥೆಯ 2023ರ ವರದಿಯನ್ನೂ ನೋಡಿ. ಹದಿನಾಲ್ಕರಿಂದ ಹದಿನೆಂಟು ವಯಸ್ಸಿನ, ಫೋನು ಬಳಸಲು ಬಲ್ಲವರ ಪೈಕಿ, ತನ್ನದೇ ಫೋನು ಇದ್ದ ಹುಡುಗರು ನೂರಕ್ಕೆ 43.7, ಹುಡುಗಿಯರು 19.8. ಅರ್ಧಕ್ಕಿಂತ ಕಡಿಮೆ!

ಇದು ಬೀಡಿ ಕಟ್ಟುವವರ ಮನೆಯ ಮಾತಷ್ಟೇ ಎಂದು ಪೇಟೆಯ ಸಹೋದರಿಯರು ಸಮಾಧಾನಪಟ್ಟುಕೊಳ್ಳಬೇಡಿ. ಚಿಕ್ಕೋಡಿ, ಅಥಣಿ, ರಾಯಬಾಗಗಳ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ? ಮಗನಿಗೆ ‘ಕ್ಲಾಸ್ ಐತಿ’ ಎಂದರೆ ಕೋಣೆಯ ಬಾಗಿಲು ಮುಚ್ಚಿ, ಟಿ.ವಿ. ಸಣ್ಣಗೆ ಮಾಡಿ, ಚಹಾ ಅಲ್ಲಿಗೇ ಒಯ್ದು ಕೊಡುತ್ತೇವೆ. ಮಗಳಿಗೂ ಕ್ಲಾಸೇ. ಆದರೆ ನಡುವೆ, “ಏ, ಅದನ್ನ ಹಂಗ ಕೇಳ್ಕೋತ ಒಂದೀಟು ರೊಟ್ಟಿ ಬಡಿ ಬಾ” ಎನ್ನುತ್ತೇವೆ. ಅವಳ ಕೈಯಲ್ಲಿ ಫೋನು ಹತ್ತು ನಿಮಿಷ ಹೆಚ್ಚು ಕಂಡರೆ ಯಾರ ಜೊತೆ ಮಾತು ಎಂದು ವಿಚಾರಣೆ. ನಾನೂ ಈ ಮನೆಗಳಲ್ಲೇ ಬೆಳೆದವಳು. ನನ್ನ ಕಾಲದಲ್ಲಿ ಇದೇ ಜಗಳ ಕಂದೀಲಿನ ಬೆಳಕಿಗಾಗಿ ನಡೆಯುತ್ತಿತ್ತು. ವಸ್ತು ಬದಲಾಯಿತು, ಪಂಕ್ತಿಭೇದ ಬದಲಾಗಲಿಲ್ಲ.

ಹಾಗೆಂದು ನಾನು ಯಂತ್ರದ ವೈರಿಯಲ್ಲ. ‘ಫೋನು ಮುಟ್ಟಿದರೆ ಮಕ್ಕಳು ಕೆಟ್ಟರು’ ಎನ್ನುವವರ ಗುಂಪಿಗೂ ಸೇರುವುದಿಲ್ಲ. ಪಠ್ಯಪುಸ್ತಕದ ಪುಟದಲ್ಲಿ ಕ್ಯೂಆರ್ ಕೋಡ್ ಎಂಬ ಕಪ್ಪುಬಿಳುಪಿನ ಚೌಕವಿರುತ್ತದಲ್ಲ, ಅದನ್ನು ಫೋನಿಗೆ ತೋರಿಸಿದರೆ 2017ರಲ್ಲಿ ಶುರುವಾದ ‘ದೀಕ್ಷಾ’ದ ಪಾಠ ತೆರೆಯುತ್ತದೆ. ಹೃದಯದ ಕವಾಟ ತೆರೆದು ಮುಚ್ಚುವುದನ್ನು ನಾನು ಸೀಮೆಸುಣ್ಣದಲ್ಲಿ ಎಷ್ಟು ಬರೆದರೂ ತೋರಿಸಲಾರೆ. ಅದು ಒಂದು ನಿಮಿಷದಲ್ಲಿ ತೋರಿಸುತ್ತದೆ. ಆದರೆ ಹಿಂದಿನ ಸಾಲಿನ ಹುಡುಗನ ಕಣ್ಣು ಎಲ್ಲಿ ಮಂಕಾಯಿತು ಎಂಬುದು ಅದಕ್ಕೆ ಕಾಣುವುದಿಲ್ಲ. ನಮ್ಮ ಗಡಿಯ ಎಷ್ಟೋ ಮಕ್ಕಳ ಮನೆಮಾತು ಮರಾಠಿ. ಪರದೆಯ ಶುದ್ಧ ಕನ್ನಡ ಅವರ ಕಿವಿಗೆ ಬಿದ್ದರೂ ಒಳಗೆ ಇಳಿಯುವುದು ತಡ. ಅದನ್ನು ನಿಲ್ಲಿಸಿ, ಅವರ ಮಾತಿನಲ್ಲಿ ಒಮ್ಮೆ ಹೇಳಿ, ಮತ್ತೆ ಮುಂದೆ ಬಿಡಬೇಕು. ಆ ನಿಲ್ಲಿಸುವ ಜಾಗ ಯಾವುದೆಂದು ತಿಳಿಯಬೇಕಾದರೆ ಆ ಮಗುವಿನ ಪರಿಚಯವಿರಬೇಕು.

ಆ ಹುಡುಗಿ ಹೋದ ಮೇಲೆ ನಾನು ಒಂದು ರೂಢಿ ಮಾಡಿಕೊಂಡೆ. ನೀಲಿ ಗೀಟು ನೋಡಿ ಹಾಜರಿ ಹಾಕುವುದಿಲ್ಲ. ವಾರಕ್ಕೊಮ್ಮೆ ಪ್ರತಿ ಮಗುವೂ ಒಂದು ಪುಟ ಓದಿ, ತನ್ನ ದನಿಯಲ್ಲೇ ಧ್ವನಿಮುದ್ರಿಸಿ ಕಳಿಸಬೇಕು. ಫೋನಿಲ್ಲದವರು ಶಾಲೆಯಲ್ಲಿ ನನ್ನ ಫೋನಿನಲ್ಲೇ ಓದಬಹುದು. ಅಕ್ಷರ ಬಾರದ ತಾಯಂದಿರು ಬೀಡಿ ಕಟ್ಟುತ್ತ ಮಕ್ಕಳ ಓದು ಕೇಳುತ್ತಾರೆ. ಒಮ್ಮೆ 2019ರ ಆಗಸ್ಟಿನ ಮಹಾಪೂರದ ಬಗ್ಗೆ ಮನೆಯ ಹಿರಿಯರನ್ನು ಮಾತಾಡಿಸಿ ತನ್ನಿ ಎಂದೆ. ದೂಧಗಂಗೆ ಹೊಲಕ್ಕೆ ನುಗ್ಗಿದ್ದು, ದನ ಬಿಚ್ಚಿ ಓಡಿದ್ದು, ಎಲ್ಲ ಅಜ್ಜಿಯರ ಬಾಯಲ್ಲೇ ತರಗತಿಗೆ ಬಂತು. ಅರ್ಧ ಮರಾಠಿ, ಅರ್ಧ ಕನ್ನಡ. ವರ್ಷವಿಡೀ ಬಾಯಿ ಬಿಡದಿದ್ದ ಒಬ್ಬ ಹುಡುಗ ಅಂದು ಎದ್ದು ನಿಂತು ತನ್ನ ಅಜ್ಜಿಯ ಮಾತನ್ನು ಎಲ್ಲರಿಗೂ ಕನ್ನಡದಲ್ಲಿ ತಿಳಿಸಿ ಹೇಳಿದ. ಮರುದಿನದಿಂದ ಪ್ರವಾಹದ ಪಾಠಕ್ಕೆ ನಾನು ಯಾರನ್ನೂ ಎಳೆದು ತೊಡಗಿಸಬೇಕಾಗಲಿಲ್ಲ. ಮಿಶ್ರ ಕಲಿಕೆ ಎಂದರೆ ನಾನು ತಿಳಿದುಕೊಂಡದ್ದು ಇದು: ಮನೆ ಮತ್ತು ಶಾಲೆ ಬೆರೆಯುವುದು. ಫೋನು ನಡುವಿನ ಕಾಲುದಾರಿ ಅಷ್ಟೇ.

“ಮಕ್ಕಳಿಗೆ ಸಲಿಗೆ ಕೊಟ್ಟರೆ ತಲೆಯ ಮೇಲೆ ಕೂರುತ್ತಾರೆ” ಎನ್ನುವ ಹಿರಿಯ ಸಹೋದ್ಯೋಗಿಗಳಿದ್ದಾರೆ. ಸಂಬಂಧ ಎಂದರೆ ಸಲಿಗೆಯಲ್ಲ ಸ್ವಾಮೀ. ಹೆಸರು ಹಿಡಿದು ಕರೆಯುವುದು, ನಿನ್ನೆ ಏಕೆ ಬರಲಿಲ್ಲ ಎಂದು ಕೇಳುವುದು, ಕೇಳಿದ ಮೇಲೆ ಉತ್ತರ ಮುಗಿಯುವತನಕ ನಿಲ್ಲುವುದು. ನಮ್ಮ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆ 2018ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೆ ಮೂರನೆಯದಾಗಿ ಬಂದಿತ್ತು. ಆ ಸ್ಥಾನ ತಂದದ್ದು ಯಾವ ಪರದೆ? ಸಂಜೆಯೂ ಮಕ್ಕಳನ್ನು ಕೂರಿಸಿಕೊಂಡು ಓದಿಸಿದ ಶಿಕ್ಷಕರು ಅಲ್ಲವೇ?

ಆ ಹೊತ್ತನ್ನೇ ಈಗ ನಮ್ಮಿಂದ ಕಸಿಯಲಾಗುತ್ತಿದೆ. ಮಕ್ಕಳ ಮಾಹಿತಿಯನ್ನು ಎಸ್‌ಎಟಿಎಸ್‌ನಲ್ಲಿ ತುಂಬಬೇಕು, ಊಟದ ಲೆಕ್ಕ ಕಳಿಸಬೇಕು, ಎಲ್ಲದಕ್ಕೂ ಫೋಟೋ ಬೇಕು. ಮಗುವಿನ ಮುಖ ನೋಡುವ ಹೊತ್ತಿನಲ್ಲಿ ಮಗುವಿನ ಮಾಹಿತಿ ನೋಡುತ್ತ ಕೂರುತ್ತೇವೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಹಿರಿಯ ಪ್ರಾಥಮಿಕದಲ್ಲಿ ಮೂವತ್ತೈದು ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು ಎಂದಿದೆ. ಆ ಒಬ್ಬರನ್ನು ಮಕ್ಕಳ ಹತ್ತಿರ ಬಿಡಿ. ಯುನೆಸ್ಕೋ ಕೂಡ 2023ರ ತನ್ನ ಜಾಗತಿಕ ವರದಿಯಲ್ಲಿ, ತಂತ್ರಜ್ಞಾನವು ಶಿಕ್ಷಕರ ಜಾಗಕ್ಕೆ ಬರಬಾರದು, ಅವರಿಗೆ ನೆರವಾಗಬೇಕು ಎಂದೇ ಹೇಳಿದೆ. ಯಂತ್ರ ಕೊಡುವವರು ಅದನ್ನು ಬಳಸಲು ಬಿಡುವನ್ನೂ ಕೊಡಲಿ.

ಇದು ಸರಕಾರಕ್ಕೆ ಹೇಳಬೇಕಾದ ಮಾತಾಯಿತು. ನಿಮಗೆ ಹೇಳಬೇಕಾದದ್ದು ಇನ್ನೂ ಸಣ್ಣದು. ಮಗಳಿಗೆ ಪಾಠವಿದ್ದರೆ ಇಂದು ಸಂಜೆ ಒಂದು ತಾಸು ಫೋನನ್ನು ಅವಳ ಕೈಗೆ ಕೊಡಿ. ಆ ಒಂದು ತಾಸು ಅಡುಗೆಮನೆಯಿಂದ ಅವಳನ್ನು ಕೂಗಬೇಡಿ. ಮುಗಿದ ಮೇಲೆ ‘ಯಾರ ಜೊತೆ ಮಾತಾಡಿದಿ’ ಎನ್ನುವ ಬದಲು ‘ಏನು ಕಲಿತಿ, ನನಗೂ ಸ್ವಲ್ಪ ಹೇಳು’ ಎಂದು ಕೇಳಿ. ರೊಟ್ಟಿ ಒಂದು ತಾಸು ತಡವಾದರೆ ಯಾರೂ ಸಾಯುವುದಿಲ್ಲ.